ವಿಷಯ: ಮತ್ತೆ ಹುಟ್ಟಲು ಅನುಮತಿ ಕೋರಿ

ಸಾವು ಹೇಳಿ ಕೇಳಿ ಬರುವುದಿಲ್ಲ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಹುಟ್ಟಿನ ಬಗ್ಗೆ ಅವರು ಏನೂ ಹೇಳಿ ಹೋಗಲಿಲ್ಲ. ಆ ಕೊರತೆಯನ್ನು 2007ರಲ್ಲಿ ಚೀನಾ ಸರ್ಕಾರ ತುಂಬಿತು. ಆ ವರ್ಷದ ಸೆಪ್ಟೆಂಬರ್ 1ರಿಂದ ಟಿಬೆಟನ್ ಬೌದ್ಧ ಗುರುಗಳು ಸತ್ತ ಮೇಲೆ ಮತ್ತೆ ಹುಟ್ಟಿ ಬರಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು. ತಮಾಷೆ ಅಲ್ಲ. ಅಲ್ಲಿನ ಧಾರ್ಮಿಕ ವ್ಯವಹಾರಗಳ ಇಲಾಖೆ ಹೊರಡಿಸಿದ 5ನೇ ಆದೇಶ. ಒಟ್ಟು 14 ಕಲಂ. ಕೆಳಗೆ ಇಲಾಖೆ ಮುಖ್ಯಸ್ಥ ಯೆ ಶ್ಯಾವ್‌ವೆನ್ ಅವರ ಹೆಸರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಬರುತ್ತಾರೆ. ಬರೋಕೆ ಅವರಿಗೇನೂ ಪರ್ಮಿಟ್ ಬೇಕಿಲ್ಲ.

ಆ ಸರ್ಕಾರ ನಡೆಸುವ ಪಕ್ಷಕ್ಕೆ ದೇವರಿಲ್ಲ, ಆತ್ಮವಿಲ್ಲ, ಹಿಂದಿನ ಜನ್ಮವಿಲ್ಲ. (ಆತ್ಮ ಬೌದ್ಧರಿಗೂ ಇಲ್ಲ, ಅದು ಬೇರೆ ಮಾತು.) ಕಮ್ಯುನಿಸ್ಟ್ ಪಕ್ಷದ ಸದಸ್ಯರು ಯಾವ ಧರ್ಮವನ್ನೂ ನಂಬುವಂತಿಲ್ಲ, ನಂಬಿದರೆ ಶಿಸ್ತು ಕ್ರಮ. 1955ರಲ್ಲಿ ಬೀಜಿಂಗ್‌ನಲ್ಲಿ ಕೊನೆಯ ಭೇಟಿಯ ದಿನ ಮಾವೋ ತಮ್ಮ ಹತ್ತಿರ ಸರಿದು ಕೂತು 'ಧರ್ಮ ಅಂದರೆ ವಿಷ' ಅಂದಿದ್ದನ್ನು ದಲೈ ಲಾಮಾ ಈಗಲೂ ನೆನಪಿಸಿಕೊಳ್ಳುತ್ತಾರೆ. ಹಾಗೆ ನೋಡಿದರೆ 5ನೇ ಆದೇಶದಲ್ಲಿ ತಪ್ಪೇನೂ ಇಲ್ಲ. ವಿಷ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕೇ ಬೇಕು.

ಆದೇಶವನ್ನು ಓದುತ್ತಾ ಹೋದರೆ ನಮಗೆ ಅದು ಹೊಸದು ಅನ್ನಿಸುವುದೇ ಇಲ್ಲ. ತಾಲ್ಲೂಕು ಕಚೇರಿಗೆ ಅಲೆದು ಅಪ್ಪನ ಜಮೀನನ್ನು ಪೌತಿ ಖಾತೆ ಮಾಡಿಸಿಕೊಂಡವರಿಗೆ ಪ್ರತಿ ಸಾಲೂ ಅರ್ಥವಾಗುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಸತ್ತವರೂ ವಾರಸುದಾರರೂ ಒಬ್ಬರೇ. ಅರ್ಜಿಯನ್ನು ಸತ್ತವರು ಹಾಕುವ ಹಾಗಿಲ್ಲ, ಹುಟ್ಟುವವರೂ ಹಾಕುವ ಹಾಗಿಲ್ಲ. ಮಠದ ಆಡಳಿತ ಮಂಡಳಿಯೋ ಸ್ಥಳೀಯ ಬೌದ್ಧ ಸಂಘವೋ ಹಾಕಬೇಕು. ಆ ಮಠ ಸರ್ಕಾರದಲ್ಲಿ ನೋಂದಣಿ ಆಗಿರಬೇಕು. ಹುಟ್ಟಿ ಬಂದವರನ್ನು ಸಾಕಿ ಓದಿಸುವ ಶಕ್ತಿ ಅದಕ್ಕೆ ಇರಬೇಕು. ಇಷ್ಟೆಲ್ಲಾ ಇದ್ದರೂ, ನಗರ ಮಟ್ಟದ ಸರ್ಕಾರವೋ ಅದಕ್ಕಿಂತ ಮೇಲಿನವರೋ 'ಇಲ್ಲಿ ಮರುಹುಟ್ಟು ಬೇಡ' ಅಂದುಬಿಟ್ಟರೆ ಅಲ್ಲಿಗೆ ಮುಗೀತು. ಬೋಧಿಸತ್ವ ಬೇರೆ ಊರು ನೋಡಿಕೊಳ್ಳಬೇಕು.

ಕಡತ ಎಲ್ಲಿಯವರೆಗೆ ಹೋಗಬೇಕು ಅನ್ನುವುದು ಗುರುವಿನ ತೂಕದ ಮೇಲೆ. ಸಾಮಾನ್ಯ ಗುರುವಾದರೆ ಪ್ರಾಂತ್ಯದ ಧಾರ್ಮಿಕ ಇಲಾಖೆ ಸಾಕು. ಸ್ವಲ್ಪ ಜಾಸ್ತಿ ಪ್ರಭಾವ ಇದ್ದರೆ ಪ್ರಾಂತ್ಯ ಸರ್ಕಾರ. ಇನ್ನೂ ಜಾಸ್ತಿ ಇದ್ದರೆ ಬೀಜಿಂಗ್‌ನ ಧಾರ್ಮಿಕ ಇಲಾಖೆ. 'ವಿಶೇಷವಾಗಿ ಭಾರಿ ಪ್ರಭಾವ' ಇದ್ದರೆ ದೇಶದ ಸಚಿವ ಸಂಪುಟವೇ ಕೂತು ಹೌದು ಅಥವಾ ಅಲ್ಲ ಅನ್ನಬೇಕು. ಟಿಬೆಟನ್ನರ ನಂಬಿಕೆಯಲ್ಲಿ ಸಾವಿಗೂ ಮುಂದಿನ ಹುಟ್ಟಿಗೂ ನಡುವೆ ಇರುವುದು ಹೆಚ್ಚೆಂದರೆ 49 ದಿನ. ನಾಲ್ಕು ಹಂತದ ಕಡತ 49 ದಿನದಲ್ಲಿ ವಿಲೇವಾರಿ ಆಗುವುದನ್ನು ಯಾರಾದರೂ ಕಂಡಿದ್ದೀರಾ? ಅಲ್ಲಿಯವರೆಗೆ ಆ ಜೀವ ಎಲ್ಲಿ ಕಾಯಬೇಕು, ಬೆಂಚಾದರೂ ಹಾಕಿದ್ದಾರಾ ಅನ್ನುವುದು 14 ಕಲಂಗಳಲ್ಲಿ ಎಲ್ಲೂ ಇಲ್ಲ.

ಎಲ್ಲಾ ಸರಿಹೋದರೆ ಮಗುವಿಗೆ 'ಜೀವಂತ ಬುದ್ಧ' (ಮರುಹುಟ್ಟಿ ಬಂದ ಗುರುವಿಗೆ ಚೀನೀಯರ ಹೆಸರು) ಅಂತ ಪ್ರಮಾಣಪತ್ರ ಸಿಗುತ್ತದೆ. ಪೀಠಕ್ಕೆ ಕೂರಿಸುವ ದಿನ ಮಂತ್ರದ ಜೊತೆ ಮಂಜೂರಾತಿ ಪತ್ರವನ್ನೂ ಗಟ್ಟಿಯಾಗಿ ಓದಬೇಕು. ಆಮೇಲೆ ಆ ಬುದ್ಧನಿಗೆ ಏನು ಕಲಿಸುತ್ತೀರಿ, ಯಾರು ಕಲಿಸುತ್ತಾರೆ ಅನ್ನುವ ಯೋಜನೆಗೂ ಇಲಾಖೆಯ ಒಪ್ಪಿಗೆ ಬೇಕು. ಹುಟ್ಟಿಸಿದ ದೇವರು ಹುಲ್ಲು ಮೇಯಿಸಲ್ಲ, ನಿಜ. ಅರ್ಜಿ ಮಾತ್ರ ಬರೆಸುತ್ತಾನೆ. ಅನುಮತಿ ಇಲ್ಲದೆ ಮರುಹುಟ್ಟನ್ನು ಗುರುತಿಸಿದವರಿಗೆ ಶಿಕ್ಷೆ ಇದೆ. ಅನುಮತಿ ಇಲ್ಲದೆ ಹುಟ್ಟಿಯೇ ಬಿಟ್ಟವರಿಗೆ ಏನು ಅಂತ ಆದೇಶದಲ್ಲಿ ಬರೆದಿಲ್ಲ. ಬರೆಯದೇ ಇದ್ದರೂ ಏನು ಮಾಡುತ್ತಾರೆ ಅನ್ನುವುದು ಗೊತ್ತಿರುವ ವಿಷಯ. ಅಲ್ಲಿಗೆ ಬರುತ್ತೇನೆ.

2016ರ ಜನವರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಸಲಿ ಜೀವಂತ ಬುದ್ಧರ ಪಟ್ಟಿಯನ್ನು ಇಂಟರ್‌ನೆಟ್‌ನಲ್ಲಿ ಹಾಕಿದರು. ಒಟ್ಟು 870 ಜನ. ಫೋಟೋ, ಹೆಸರು, ಹುಟ್ಟಿದ ದಿನ, ಪ್ರಮಾಣಪತ್ರದ ನಂಬರ್ ಎಲ್ಲಾ ಇದೆ. ಕಾಣಿಕೆ ಹಾಕುವ ಮೊದಲು ನಂಬರ್ ಹೊಡೆದು ನೋಡಿಕೊಳ್ಳಬಹುದು. ಕಳ್ಳ ಬುದ್ಧರ ಹಾವಳಿ ಜಾಸ್ತಿಯಾಗಿತ್ತು ಅನ್ನುವುದು ಕಾರಣ. ಅದು ಪೂರ್ತಿ ಸುಳ್ಳೇನೂ ಅಲ್ಲ. ಅದಕ್ಕೆ ಸ್ವಲ್ಪ ಮೊದಲು ಅಲ್ಲಿನ ಒಬ್ಬ ಸಿನಿಮಾ ನಟನನ್ನು ಯಾರೋ ಪೀಠಕ್ಕೆ ಕೂರಿಸಿ ದೊಡ್ಡ ನಗೆಪಾಟಲಾಗಿತ್ತು. ಈ ವಿಷಯದಲ್ಲಿ ನಾವೂ ಜಾಸ್ತಿ ನಗುವ ಹಾಗಿಲ್ಲ. ನಮ್ಮ ಬೈಲಕುಪ್ಪೆಯ ನಾಮ್ಡ್ರೋಲಿಂಗ್ ಮಠ ಕಟ್ಟಿದ ಪೆನೋರ್ ರಿನ್‌ಪೋಚೆ (ರಿನ್‌ಪೋಚೆ ಅಂದರೆ ದೊಡ್ಡ ಲಾಮಾಗಳ ಗೌರವದ ಬಿರುದು) 1997ರಲ್ಲಿ ಹಾಲಿವುಡ್‌ನ ಹೊಡೆದಾಟದ ನಟ ಸ್ಟೀವನ್ ಸೀಗಲ್ ಅವರನ್ನು ಹಳೆಯ ಗುರುವೊಬ್ಬರ ಮರುಹುಟ್ಟು ಅಂತ ಗುರುತಿಸಿದ್ದರು. ಕೈಮೂಳೆ ಮುರಿಯುವುದರಲ್ಲಿ ಆತ ಪ್ರಸಿದ್ಧ. ಭಕ್ತರಿಗೇ ಕಸಿವಿಸಿಯಾಯಿತು, ಜಗತ್ತು ನಕ್ಕಿತು, ಕೆಲವರು ನಂಬಿದರು, ಉಳಿದವರು ಬಿಟ್ಟರು. ಅಷ್ಟೇ. ಯಾರೂ ಕಾಣೆಯಾಗಲಿಲ್ಲ.

ಈಗ ಪಂಚೆನ್ ಲಾಮಾ ವಿಷಯ. ಟಿಬೆಟ್‌ನಲ್ಲಿ ದಲೈ ಲಾಮಾ ನಂತರದ ದೊಡ್ಡ ಪೀಠ ಅದು. ಒಬ್ಬರ ಮರುಹುಟ್ಟನ್ನು ಗುರುತಿಸುವಲ್ಲಿ ಇನ್ನೊಬ್ಬರ ಮಾತಿಗೆ ತೂಕ ಇದೆ. ಅಂದರೆ ಇಂದಿನ ಪಂಚೆನ್ ಲಾಮಾ ಯಾರ ಜೇಬಿನಲ್ಲಿದ್ದಾರೋ ನಾಳಿನ ದಲೈ ಲಾಮಾ ಅವರ ಜೇಬಿನಲ್ಲಿ. ಲೆಕ್ಕ ಅಷ್ಟು ಸರಳ. 10ನೇ ಪಂಚೆನ್ ಲಾಮಾ 1989ರ ಜನವರಿಯಲ್ಲಿ ತೀರಿಕೊಂಡರು. ಮರುಹುಟ್ಟು ಹುಡುಕಲು ಬೀಜಿಂಗ್ ಒಪ್ಪಿಗೆಯಿಂದಲೇ ಸಮಿತಿ ಆಯಿತು. ಪಂಚೆನ್ ಲಾಮಾಗಳ ಪೀಠವಾದ ತಾಶಿ ಲುಂಪೋ ಮಠದ ಛಾದ್ರೆಲ್ ರಿನ್‌ಪೋಚೆ ಅದರ ಮುಖ್ಯಸ್ಥರು. ಅವರು ಸುಮ್ನೆ ಒಂದು ಮಾತು ದಲೈ ಲಾಮಾರನ್ನೂ ಕೇಳಿದರು. 1995ರ ಮೇ 14ರಂದು ದಲೈ ಲಾಮಾ ಭಾರತದಲ್ಲಿ ತಾವಿರುವ ಧರ್ಮಶಾಲಾ ಊರಿನಿಂದ ಹೆಸರು ಹೇಳಿದರು: ಗೆಧುನ್ ಚೋಕ್ಯಿ ನಿಮಾ, ಆರು ವರ್ಷದ ಹುಡುಗ. ಮೇ 17ಕ್ಕೆ ಹುಡುಗನೂ ಇಲ್ಲ, ಅಪ್ಪ ಅಮ್ಮನೂ ಇಲ್ಲ. ಸಮಿತಿಯ ಮುಖ್ಯಸ್ಥರಿಗೆ ಆರು ವರ್ಷ ಜೈಲು. ಆರೋಪಗಳಲ್ಲಿ ಒಂದು, ದೇಶದ ರಹಸ್ಯ ಸೋರಿಕೆ. ಯಾವ ಮಗು ಯಾವ ಮನೆಯಲ್ಲಿ ಹುಟ್ಟಿದೆ ಅನ್ನುವುದೇ ಆ ರಹಸ್ಯ.

ಇನ್ನು ಸರ್ಕಾರ ತಾನೇ ಒಬ್ಬರನ್ನು ಆರಿಸಬೇಕಾಯಿತು. ಹೇಗೆ? ಚಿನ್ನದ ಕಲಶದಿಂದ ಚೀಟಿ ಎತ್ತಿ. 1793ರಲ್ಲಿ ಕ್ವಿಂಗ್ ವಂಶದ ಚಿಯೆನ್‌ಲುಂಗ್ ಚಕ್ರವರ್ತಿ ಮಾಡಿದ ಕಟ್ಟಳೆ ಅದು. ಚಕ್ರವರ್ತಿ ಅಂದರೆ ಊಳಿಗಮಾನ್ಯ, ಊಳಿಗಮಾನ್ಯ ಅಂದರೆ ಕ್ರಾಂತಿಯ ಶತ್ರು ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಪಕ್ಷ ಇದು. 1966ರಲ್ಲಿ ಹಳೆಯದೆಲ್ಲಾ ಹಾಳಾಗಲಿ ಅಂತ ಇವರ ಯುವ ಪಡೆ ರೆಡ್ ಗಾರ್ಡ್‌ಗಳು ಲಾಸಾದ ಜೋಖಾಂಗ್ ದೇವಾಲಯಕ್ಕೆ ನುಗ್ಗಿ ವಿಗ್ರಹ ಒಡೆದಿದ್ದರು. 1995ರ ನವೆಂಬರ್ 29ರಂದು ಅದೇ ಜೋಖಾಂಗ್‌ನಲ್ಲಿ, ಉಳಿದ ವಿಗ್ರಹದ ಮುಂದೆ, ಪಕ್ಷದ ಅಧಿಕಾರಿಗಳು ಸಾಲಾಗಿ ನಿಂತು ಚಕ್ರವರ್ತಿಯ ಕಲಶದಿಂದ ಚೀಟಿ ಎತ್ತಿಸಿದರು. ಬುದ್ಧನ ಚಿತ್ತ ಇದ್ದಂತಾಗಲಿ ಅಂತ.

ಚೀಟಿ ಅಂದರೆ ಕಾಗದದ್ದಲ್ಲ. ದಂತದ ಕಡ್ಡಿಗಳು. ಮೂವರು ಹುಡುಗರ ಹೆಸರು. ಒಂದೊಂದಕ್ಕೂ ಒಂದೊಂದು ರೇಷ್ಮೆ ಚೀಲ. ಆ ಸಮಾರಂಭದಲ್ಲಿ ಇದ್ದ ಬೌದ್ಧ ಗುರು ಆರ್ಜಿಯಾ ರಿನ್‌ಪೋಚೆ 1998ರಲ್ಲಿ ದೇಶ ಬಿಟ್ಟು ಹೋದ ಮೇಲೆ ಒಂದು ಕಥೆ ಹೇಳಿದ್ದಾರೆ. ಬೀಜಿಂಗ್‌ಗೆ ವಾಪಸ್ ಬರುವ ವಿಮಾನದಲ್ಲಿ ಒಬ್ಬ ದೊಡ್ಡ ಅಧಿಕಾರಿ ಖುಷಿಯಲ್ಲಿ ಬಾಯಿಬಿಟ್ಟರಂತೆ. ಒಂದು ಚೀಲದ ತಳಕ್ಕೆ ಸ್ವಲ್ಪ ಹತ್ತಿ ತುರುಕಿದ್ದೆವು, ಆ ಕಡ್ಡಿ ಉಳಿದವಕ್ಕಿಂತ ಚೂರು ಮೇಲೆ ನಿಂತಿತ್ತು, ಅದೇ ಕೈಗೆ ಬಂತು ಅಂತ. ಆರ್ಜಿಯಾ ಹೇಳುವ ಆ ಅಧಿಕಾರಿ ಯೆ ಶ್ಯಾವ್‌ವೆನ್. ಹನ್ನೆರಡು ವರ್ಷದ ಮೇಲೆ 5ನೇ ಆದೇಶಕ್ಕೆ ಹೆಸರು ಹಾಕಿದ ಅದೇ ಮಹಾಶಯರು. ಕಥೆ ನಿಜವಾಗಿದ್ದರೆ ಅವರ ಅನುಭವಕ್ಕೆ ಕೈಮುಗಿಯಬೇಕು. ಒಂದು ಚಿಟಿಕೆ ಹತ್ತಿಯಲ್ಲಿ ಆಗುವ ಕೆಲಸಕ್ಕೆ 14 ಕಲಂ ಯಾಕೆ ಬೇಕಾಯಿತು ಅನ್ನುವುದೊಂದೇ ನನ್ನ ಅನುಮಾನ.

ಹಾಗೆ ಆಯ್ಕೆಯಾದ ಗ್ಯಾಲ್ಸೆನ್ ನೋರ್ಬು ಈಗ ಸರ್ಕಾರಿ ಸಭೆಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಭಾಷಣ ಮಾಡುತ್ತಾರೆ, ಪಕ್ಷವನ್ನು ಹೊಗಳುತ್ತಾರೆ. ಇನ್ನೊಬ್ಬ ಹುಡುಗ? 2020ರಲ್ಲಿ ಚೀನಾದ ವಿದೇಶಾಂಗ ವಕ್ತಾರರು ಉತ್ತರ ಕೊಟ್ಟರು. ಆತ ಕಾಲೇಜು ಮುಗಿಸಿದ್ದಾನೆ, ಕೆಲಸದಲ್ಲಿದ್ದಾನೆ, ಅವನಿಗೂ ಮನೆಯವರಿಗೂ ಯಾರ ತೊಂದರೆಯೂ ಬೇಡವಂತೆ. ಹಾಗಾದರೆ ಯಾವ ಕಾಲೇಜು, ಯಾವ ಊರು, ಏನು ಕೆಲಸ? ಅದನ್ನೂ ಕೇಳಬಾರದಂತೆ. 870 ಬುದ್ಧರ ಫೋಟೋ ಇಂಟರ್‌ನೆಟ್‌ಗೆ ಹಾಕುವ ಸರ್ಕಾರಕ್ಕೆ ಈ ಒಬ್ಬನ ಫೋಟೋ ತೆಗೆಯುವ ಕ್ಯಾಮೆರಾ 1995ರಿಂದ ಸಿಕ್ಕಿಲ್ಲ. ಲೋಕದ ಬಳಿ ಇರುವುದು ಆರು ವರ್ಷದ ಕೆಂಪು ಕೆನ್ನೆಯ ಮುಖ ಮಾತ್ರ.

ಮನುಷ್ಯರ ವಿಷಯದಲ್ಲಿ ಹೀಗಿರುವವರು ಸಿದ್ಧಾಂತದ ವಿಷಯದಲ್ಲಿ ಮಾತ್ರ ಬಹಳ ಮಡಿ. 2014ರಲ್ಲಿ ದಲೈ ಲಾಮಾ, ಈ ಪರಂಪರೆ ನನ್ನ ಜೊತೆಗೇ ಮುಗಿದರೂ ಮುಗಿಯಲಿ, ಮುಂದೆ ಯಾರೋ ದಡ್ಡ ದಲೈ ಲಾಮಾ ಬಂದು ಮಾನ ಕಳೆಯುವುದಿಲ್ಲ ಅಂತ ಏನು ಗ್ಯಾರಂಟಿ ಅನ್ನುವ ಅರ್ಥದ ಮಾತಾಡಿದ್ದರು. ಪಕ್ಷ ಹೌಹಾರಿತು. ಟಿಬೆಟ್ ಜನಪ್ರತಿನಿಧಿ ಸಭೆಯ ಪದ್ಮಾ ಚೋಲಿಂಗ್ ಎಂಬ ಹಿರಿಯ ನಾಯಕರು 2015ರ ಮಾರ್ಚ್‌ನಲ್ಲಿ, ಇದು ಟಿಬೆಟನ್ ಬೌದ್ಧ ಧರ್ಮಕ್ಕೆ ಮಾಡಿದ ಅಪಚಾರ ಅಂದರು. ಇನ್ನೊಬ್ಬ ಅಧಿಕಾರಿ ಝು ವೈಚುನ್, ದಲೈ ಲಾಮಾ ಧರ್ಮಕ್ಕೇ ದ್ರೋಹ ಮಾಡಿದ್ದಾರೆ ಅಂದರು. ನಾಸ್ತಿಕರು ಸನ್ಯಾಸಿಗೆ ಹೇಳುತ್ತಿದ್ದಾರೆ, ನೀವು ಮತ್ತೆ ಹುಟ್ಟಲೇಬೇಕು, ಹುಟ್ಟದಿದ್ದರೆ ಅದು ಮಹಾಪಾಪ ಅಂತ. ನಮ್ಮ ಮನೆಗಳಲ್ಲಿ ಅಜ್ಜಿಯರೂ ಇಷ್ಟು ಗಟ್ಟಿಯಾಗಿ ಮರುಜನ್ಮ ನಂಬುತ್ತಿರಲಿಲ್ಲ ಬಿಡಿ.

ಅವರ ಕಷ್ಟ ಅರ್ಥವಾಗದೆ ಏನಿಲ್ಲ. ದಲೈ ಲಾಮಾ ಎಂಬ ಪೀಠವೇ ಇಲ್ಲದೆ ಹೋದರೆ ಅದಕ್ಕೆ ತಮ್ಮವರನ್ನು ಕೂರಿಸುವುದು ಹೇಗೆ? ಸೀಲು, ಸಹಿ, ಸೈನ್ಯ ಎಲ್ಲಾ ಇವರ ಹತ್ತಿರ ಇದೆ. ಭಕ್ತಿ ಮಾತ್ರ ಆ ಕಡೆ ಇದೆ. ಅದನ್ನು ವಶ ಮಾಡಿಕೊಳ್ಳಬೇಕಾದರೆ ಮೊದಲು ತಾವೇ ನಂಬಿದ ಹಾಗೆ ನಟಿಸಬೇಕು. ನಟಿಸಿ ನಟಿಸಿ ಈಗ ದೇಶದಲ್ಲಿ ಮರುಜನ್ಮದ ಬಗ್ಗೆ ಎಲ್ಲರಿಗಿಂತ ಜಾಸ್ತಿ ತಲೆಕೆಡಿಸಿಕೊಂಡಿರುವವರು ಪಕ್ಷದವರೇ ಆಗಿದ್ದಾರೆ.

2025ರ ಜುಲೈ 2ರಂದು, 90 ತುಂಬುವ ನಾಲ್ಕು ದಿನ ಮೊದಲು, ದಲೈ ಲಾಮಾ ಎಳೆದಾಟಕ್ಕೆ ತೆರೆ ಎಳೆದರು. ಪರಂಪರೆ ಮುಂದುವರಿಯುತ್ತದೆ, ಗುರುತಿಸುವ ಹಕ್ಕು ತಮ್ಮ ಗಾದೆನ್ ಫೋದ್ರಾಂಗ್ ಟ್ರಸ್ಟ್‌ಗೆ ಮಾತ್ರ ಅಂದರು. ಬೀಜಿಂಗ್ ಅದೇ ದಿನ ಚಿನ್ನದ ಕಲಶ, ಕೇಂದ್ರ ಸರ್ಕಾರದ ಒಪ್ಪಿಗೆ ಅಂತ ಹಳೇ ಪಾಠ ಒಪ್ಪಿಸಿತು. ಅಮೆರಿಕ ಸುಮ್ನೆ ಕೂರುತ್ತದೆಯೇ? ದಲೈ ಲಾಮಾ ಉತ್ತರಾಧಿಕಾರದಲ್ಲಿ ಕೈಹಾಕುವ ಚೀನೀ ಅಧಿಕಾರಿಗಳ ಮೇಲೆ ನಿರ್ಬಂಧ ಹಾಕಲು 2020ರ ಡಿಸೆಂಬರ್‌ನಲ್ಲೇ ಕಾನೂನು ಮಾಡಿಟ್ಟಿದೆ. ಹೀಗೆ ಇನ್ನೂ ಹುಟ್ಟದ, ಹುಟ್ಟಲು ಮೊದಲು ಸಾಯಬೇಕಾದ ಒಬ್ಬರ ಬಗ್ಗೆ ಎರಡು ಮಹಾಶಕ್ತಿಗಳ ಬಳಿ ಕಾಯ್ದೆ ತಯಾರಿದೆ. ಭಾರತ? ಜುಲೈ 3ರಂದು ಸಚಿವ ಕಿರಣ್ ರಿಜಿಜು, ತೀರ್ಮಾನ ದಲೈ ಲಾಮಾ ಅವರದ್ದೇ ಅಂದರು. ಮರುದಿನ ವಿದೇಶಾಂಗ ಇಲಾಖೆ, ನಂಬಿಕೆಯ ವಿಷಯದಲ್ಲಿ ಸರ್ಕಾರ ಯಾವ ನಿಲುವನ್ನೂ ತಳೆಯುವುದಿಲ್ಲ ಅಂದಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಈ ಗಲಾಟೆ ನಮ್ಮ ಅಂಗಳದ್ದೂ ಹೌದು. 1960ರಲ್ಲಿ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಾಗ ಟಿಬೆಟ್ ಬಿಟ್ಟು ಬಂದವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. 1972ರಲ್ಲಿ ಅಲ್ಲೇ ತಾಶಿ ಲುಂಪೋ ಮಠವನ್ನು ಮತ್ತೆ ಕಟ್ಟಿದರು. ಕೊಡಗಿಗೆ ಹೋಗುವವರು ದಾರಿಯಲ್ಲಿ ಇಳಿದು ಗೋಲ್ಡನ್ ಟೆಂಪಲ್ ಮುಂದೆ ಫೋಟೋ ತೆಗೆಸಿಕೊಂಡು, ಮೊಮೊ ತಿಂದು ಹೊರಡುತ್ತಾರೆ. ಮುಂದಿನ ದಲೈ ಲಾಮಾ ಚೀನಾದ ಹಿಡಿತವಿಲ್ಲದ ಜಾಗದಲ್ಲಿ ಹುಟ್ಟುತ್ತಾರೆ ಅಂತ ಈಗಿನವರು ಹೇಳಿಬಿಟ್ಟಿದ್ದಾರೆ. ಹೊರಗೆ ಹುಟ್ಟುವುದು ಹೊಸದೂ ಅಲ್ಲ. ನಾಲ್ಕನೆಯವರು ಮಂಗೋಲಿಯಾದವರು, ಆರನೆಯವರು ನಮ್ಮ ಅರುಣಾಚಲದ ತವಾಂಗ್‌ನವರು. ಹಾಗಾದರೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲೋ ಮುಂಡಗೋಡಿನಲ್ಲೋ ಯಾಕೆ ಆಗಬಾರದು? ನಮ್ಮ ಜನನ ಪ್ರಮಾಣಪತ್ರದಲ್ಲಿ ಹಿಂದಿನ ಜನ್ಮದ ವಿಳಾಸ ಬರೆಯುವ ಕಾಲಂ ಇಲ್ಲ. ಯಾವ ಗುಮಾಸ್ತರೂ ಅದನ್ನು ಇನ್ನೂ ಕೇಳಿಲ್ಲ. ಕೇಳುವ ಐಡಿಯಾ ಮಾತ್ರ ಯಾರೂ ಕೊಡಬೇಡಿ.

ಬೀಜಿಂಗ್‌ಗೆ ದಲೈ ಲಾಮಾ ಒಂದು ಸಲಹೆಯನ್ನೂ ಕೊಟ್ಟಿದ್ದಾರೆ. ನಿಮಗೆ ಮರುಹುಟ್ಟಿನಲ್ಲಿ ಅಷ್ಟು ಆಸಕ್ತಿ ಇದ್ದರೆ ಮೊದಲು ಮಾವೋ, ದೆಂಗ್ ಶಿಯಾವೊಪಿಂಗ್ ಅವರ ಮರುಹುಟ್ಟನ್ನು ಹುಡುಕಿ, ನನ್ನದು ಆಮೇಲೆ ನೋಡೋಣ ಅಂತ. ಸಲಹೆ ಚೆನ್ನಾಗಿದೆ. ಆದರೆ ಅಧ್ಯಕ್ಷ ಮಾವೋ ಕಡತವನ್ನು 5ನೇ ಆದೇಶದ ಪ್ರಕಾರ ತೆರೆದು ನೋಡಿದೆ. ಪ್ರಭಾವ: ವಿಶೇಷವಾಗಿ ಭಾರಿ. ಹಾಗಾಗಿ ನೇರ ಸಚಿವ ಸಂಪುಟಕ್ಕೆ ಹೋಗಬೇಕು. ಭಕ್ತರ ಬೇಡಿಕೆ: ಇದೆ, ತಿಯಾನನ್‌ಮೆನ್ ಚೌಕದ ಸ್ಮಾರಕ ಭವನದಲ್ಲಿ ಜನ ಸಾಲುಗಟ್ಟಿ ಬಂದು, ಹೂವಿಟ್ಟು, ತಲೆಬಾಗಿ ಹೋಗುತ್ತಾರೆ. ಅರ್ಜಿ ಹಾಕುವ ಸಂಸ್ಥೆ: ಅದೇ ಭವನ. ಧಾರ್ಮಿಕ ಸ್ಥಳವಾಗಿ ನೋಂದಣಿ: ಆಗಿಲ್ಲ. ಷರಾ: ಅರ್ಜಿ ತಿರಸ್ಕರಿಸಿದೆ.