‘ಸ’ ಪುಟದ ಹಾಡುಗಳು

ಅಂತ್ಯಾಕ್ಷರಿ ಆಡುವಾಗ ‘ಸ’ ಬಂದರೆ ನಮ್ಮ ಮನೆಯಲ್ಲಿ ಯಾರೂ ಹೆದರುತ್ತಿರಲಿಲ್ಲ. ‘ಣ’ ಬಂದರೆ, ‘ಳ’ ಬಂದರೆ ಜಗಳ. ‘ಸ’ಕ್ಕೆ ಹಾಡು ಬೇಕಾದಷ್ಟು. ಜಪಾನಿಯರಿಗೂ ಹಾಗೇ ಅಂತ ನನಗೆ ಗೊತ್ತಾಗಿದ್ದು ನಗೋಯಾದ ಒಂದು ಪುಟ್ಟ ‘ಸುನಾಕ್ಕು’ನಲ್ಲಿ. ಕೆಲಸದ ಮೇಲೆ ಅಲ್ಲಿ ಎರಡು ವರ್ಷ ಇದ್ದೆ. ಸುನಾಕ್ಕು ಅಂದರೆ ಎಂಟು ಹತ್ತು ಜನ ಕೂರುವಷ್ಟು ಜಾಗ, ಕೌಂಟರಿನ ಹಿಂದೆ ಒಬ್ಬರು ವಯಸ್ಸಾದ ಹೆಂಗಸು, ಮೂಲೆಯಲ್ಲಿ ಕರಾವೋಕೆ ಮಷಿನ್ನು. ಆಕೆಯನ್ನು ಎಲ್ಲರೂ ‘ಮಾಮಾ’ ಅಂತ ಕರೆಯುತ್ತಾರೆ, ಅಲ್ಲಿ ಮಾಮಾ ಅಂದರೆ ಅಮ್ಮ. ಈಗ ಎಲ್ಲ ಕಡೆ ಟಚ್ ಸ್ಕ್ರೀನ್ ಬಂದಿದೆ, ಆದರೆ ಆ ಮಾಮಾ ಹಳೇ ಹಾಡುಗಳ ಪುಸ್ತಕವನ್ನು ಇನ್ನೂ ಇಟ್ಟುಕೊಂಡಿದ್ದರು. ಹಳೇ ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪ. ಹಾಡುಗಳೆಲ್ಲ ಮೊದಲ ಅಕ್ಷರದ ಪ್ರಕಾರ.

ನನಗೆ ಹಾಡಲು ಬರುತ್ತಿರಲಿಲ್ಲ, ಓದಲು ಆಗಷ್ಟೇ ಕಲಿಯುತ್ತಿದ್ದೆ. ಹಾಗಾಗಿ ಆ ಪುಸ್ತಕ ಓದುತ್ತಾ ಕೂರುತ್ತಿದ್ದೆ. ‘ಸ’ ಪುಟಗಳಲ್ಲಿ ನಾನು ಕಳೆದಷ್ಟು ಸಂಜೆ ಬೇರೆ ಯಾವ ಅಕ್ಷರಕ್ಕೂ ಕೊಟ್ಟಿಲ್ಲ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಇದು ಕನ್ನಡದವರಿಗೆ ಖುಷಿ ಕೊಡುವ ವಿಷಯ. ಜಪಾನಿ ಅಕ್ಷರಗಳ ಸಾಲು ಹೀಗಿದೆ: ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಸಂಸ್ಕೃತ ಮಂತ್ರಗಳನ್ನು ಸಿದ್ಧಂ ಲಿಪಿಯಲ್ಲಿ ಕಲಿತ ಬೌದ್ಧ ಭಿಕ್ಷುಗಳು ತಮ್ಮ ಭಾಷೆಯ ಅಕ್ಷರಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿದರು. ಅದಾಗಿ ಸುಮಾರು 1000 ವರ್ಷ ಆಗಿದೆ. ನಮ್ಮಲ್ಲಿ ‘ಚ’ ಇರುವ ಜಾಗದಲ್ಲಿ ಅವರಲ್ಲಿ ‘ಸ’ ಇದೆ, ಯಾಕಂದರೆ ಅವರ ‘ಸ’ ಆ ಕಾಲದಲ್ಲಿ ‘ತ್ಸ’, ‘ಚ’ಗೆ ಹತ್ತಿರದ ಉಚ್ಚಾರಣೆಯಲ್ಲಿತ್ತು ಅಂತ ಭಾಷೆ ಬಲ್ಲವರು ಹೇಳುತ್ತಾರೆ. ಒಂದನೇ ಕ್ಲಾಸಿನಲ್ಲಿ ನಾವು ಕೂಗಿದ ಕ, ಚ, ಟ, ತ, ಪ ಇದೆಯಲ್ಲ, ಅದರ ದೂರದ ತಮ್ಮ ಇದು.

‘ಸ’ ಅಂದ ಕೂಡಲೇ ಜಪಾನಿನಲ್ಲಿ ಬರುವುದು ಸಕುರಾ, ಚೆರ್ರಿ ಹೂವು. ಪುಸ್ತಕದಲ್ಲಿ ಸಾಲು ಸಾಲು ‘ಸಕುರಾ’. ಕೆತ್ಸುಮೇಯಿಶಿ ಗುಂಪಿನದು 2005ರದ್ದು, ಕೊಬುಕುರೊ ಜೋಡಿಯದೂ 2005ರದ್ದೇ, ಇಕಿಮೊನೊಗಕಾರಿ ಅವರದು 2006ರದ್ದು. ಫುಕುಯಾಮಾ ಮಸಾಹಾರು 2000ದಲ್ಲಿ ಹಾಡಿದ ‘ಸಕುರಾಜಾಕಾ’ ಅಂತೂ ಟೋಕಿಯೊದಲ್ಲಿ ನಿಜಕ್ಕೂ ಇರುವ ಒಂದು ಇಳಿಜಾರು ರಸ್ತೆಯ ಹೆಸರು. ಒಂದೇ ಹೂವಿನ ಮೇಲೆ ಇಷ್ಟು ಯಾಕೆ ಅಂತ ಮೊದಲು ನನಗೂ ಅನಿಸಿತ್ತು. ಅಲ್ಲಿ ಶಾಲೆ ಮುಗಿಯುವುದು ಮಾರ್ಚಿನಲ್ಲಿ, ಹೊಸ ಶಾಲೆ, ಹೊಸ ಕೆಲಸ ಶುರುವಾಗುವುದು ಏಪ್ರಿಲ್ಲಿನಲ್ಲಿ. ಟೋಕಿಯೊ, ನಗೋಯಾ ಕಡೆ ಈ ಎರಡರ ನಡುವೆಯೇ ಹೂವು ಬಿಡುತ್ತದೆ, ವಾರ ಹತ್ತು ದಿನದಲ್ಲಿ ಉದುರುತ್ತದೆ. ಗೆಳೆಯರು ಬೇರೆಯಾಗುವ ದಿನ ತಲೆ ಮೇಲೆ ಬೀಳುತ್ತಿದ್ದ ಹೂವು ಅದು. ಹಾಡು ಎಷ್ಟು ಬಂದರೂ ಸಾಲದು.

ಇದರಲ್ಲಿ ಇನ್ನೊಂದು ಸೊಗಸಿದೆ. ಈ ಹಾಡುಗಳ ಹೆಸರು ಬರೆಯುವ ರೀತಿ ಬೇರೆ ಬೇರೆ. ಒಬ್ಬರು ಜಪಾನಿಯರ ಸ್ವಂತ ಲಿಪಿ ಹಿರಗಾನಾದಲ್ಲಿ ಮೂರು ಅಕ್ಷರ ಬರೆದಿದ್ದಾರೆ, ಒಬ್ಬರು ಚೀನಾದಿಂದ ಬಂದ ಒಂದೇ ಒಂದು ಕಾಂಜಿ ಅಕ್ಷರ ಬರೆದಿದ್ದಾರೆ, ಇನ್ನೊಬ್ಬರು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದಿದ್ದಾರೆ. ಕಣ್ಣಿಗೆ ಮೂರೂ ಬೇರೆ. ಆದರೆ ಪುಸ್ತಕ ಜೋಡಿಸಿದವರು ಕಣ್ಣನ್ನು ನಂಬಿಲ್ಲ, ಕಿವಿಯನ್ನು ನಂಬಿದ್ದಾರೆ. ಬಾಯಲ್ಲಿ ಹೇಗೆ ಹೊರಡುತ್ತದೋ ಆ ಪ್ರಕಾರ ಎಲ್ಲವನ್ನೂ ಒಂದೇ ಕಡೆ ಕೂರಿಸಿದ್ದಾರೆ. ಹಾಡನ್ನು ಹುಡುಕಲು ಇದಕ್ಕಿಂತ ಸರಿಯಾದ ದಾರಿ ಇಲ್ಲ ಅಂತ ನನ್ನ ಅಭಿಪ್ರಾಯ.

ಹಳೆಯದು ‘ಸಕುರಾ ಸಕುರಾ’. ಕೊತೊ ವಾದ್ಯ ಕಲಿಯುವ ಮಕ್ಕಳ ಪಾಠವಾಗಿ 1888ರಲ್ಲಿ ಅಚ್ಚಾಯಿತು. ನಮ್ಮ ಕಿವಿಗೆ ಅದು ಪರದೇಶದ್ದು ಅನಿಸುವುದಿಲ್ಲ. ಸ, ಕೋಮಲ ರಿ, ಮ, ಪ, ಕೋಮಲ ಧ. ಹಿಂದೂಸ್ತಾನಿ ಕೇಳುವವರಿಗೆ ತಕ್ಷಣ ಗುಣಕಲಿ ರಾಗ ನೆನಪಾಗುತ್ತದೆ.

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ಸಕುರಾಗಳ ನಡುವೆ ಮೊರಿಯಾಮಾ ನಾವೋತಾರೊ ಅವರ ಹಾಡು ಇದೆ, 2003ರದ್ದು. ಪಿಯಾನೊ ಮತ್ತು ಒಂದು ದನಿ, ಅಷ್ಟೇ. ಸದ್ದಿಲ್ಲದೆ ಬಂದು ನಿಧಾನವಾಗಿ ಮೇಲೇರಿ ಮೊದಲ ಸ್ಥಾನಕ್ಕೆ ಹೋಯಿತು. ಅದರಿಂದ ಕೆಲವು ಪುಟ ಮುಂದಕ್ಕೆ ತಿರುಗಿಸಿದರೆ ‘ಸತೋಕಿಬಿ ಬತಾಕೆ’, ಅಂದರೆ ಕಬ್ಬಿನ ಗದ್ದೆ. ಅದನ್ನು ಹಾಡಿ ಹೆಸರಾದವರು ಮೊರಿಯಾಮಾ ರ್ಯೋಕೊ. ನಾವೋತಾರೊ ಅವರ ತಾಯಿ. ಮಾಮಾ ಎರಡು ಸಾಲುಗಳ ಮೇಲೂ ಬೆರಳಿಟ್ಟು ‘ಓಯಾಕೊ’ ಅಂದರು, ಅಮ್ಮ ಮಗ ಅಂತ.

ಕಬ್ಬಿನ ಗದ್ದೆಯ ಹಾಡು ಬರೆದು ರಾಗ ಹಾಕಿದವರು ತೆರಾಶಿಮಾ ನಾವೊಹಿಕೊ. 1964ರಲ್ಲಿ ಅವರು ಒಕಿನಾವಾಕ್ಕೆ ಹೋಗಿದ್ದರು. ಆಗ ಆ ದ್ವೀಪ ಇನ್ನೂ ಅಮೆರಿಕದ ಕೈಯಲ್ಲಿತ್ತು, ಜಪಾನಿಗೆ ವಾಪಸ್ ಬಂದಿದ್ದು 1972ರಲ್ಲಿ. 1945ರ ಒಕಿನಾವಾ ಯುದ್ಧದಲ್ಲಿ ಸತ್ತವರು 2 ಲಕ್ಷಕ್ಕೂ ಜಾಸ್ತಿ, ಅದರಲ್ಲಿ ಊರಿನ ಸಾಮಾನ್ಯ ಜನರ ಪಾಲು ತುಂಬಾ ದೊಡ್ಡದು. ದ್ವೀಪದ ದಕ್ಷಿಣದ ಕಬ್ಬಿನ ಗದ್ದೆಗಳ ಕೆಳಗೆ ಸತ್ತವರ ಎಲುಬು ಇನ್ನೂ ಹಾಗೇ ಇದೆ ಅಂತ ತೆರಾಶಿಮಾ ಅವರಿಗೆ ಯಾರೋ ಹೇಳಿದರು. ಹಾಡು ಸಿದ್ಧವಾಗಿದ್ದು 1967ರಲ್ಲಿ. ಪೂರ್ತಿ ಹಾಡಿದರೆ 10 ನಿಮಿಷ ದಾಟುತ್ತದೆ. ಅದರಲ್ಲಿ ‘ಜವವಾ’ ಅನ್ನುವ ಸದ್ದು 66 ಸಲ ಬರುತ್ತದೆ. ಅದಕ್ಕೆ ಅರ್ಥ ಇಲ್ಲ. ಕಬ್ಬಿನ ಗರಿಗಳಲ್ಲಿ ಗಾಳಿ ಆಡುವ ಸದ್ದು, ಅಷ್ಟೇ. ಯುದ್ಧದಲ್ಲಿ ಅಪ್ಪನನ್ನು ಕಳೆದುಕೊಂಡ ಮಗು ಆ ಗದ್ದೆಯಲ್ಲಿ ಅಪ್ಪನನ್ನು ಹುಡುಕುತ್ತದೆ.

ನಾನು ಮಂಡ್ಯ ಕಡೆಯವನು. ಕಬ್ಬಿನ ಗದ್ದೆಯ ಸದ್ದು ನನಗೆ ಹೇಳಿಕೊಡಬೇಕಾಗಿಲ್ಲ. ರಾತ್ರಿ ನೀರು ಕಟ್ಟಲು ಅಪ್ಪನ ಜೊತೆ ಹೋದಾಗ ಕೇಳಿದ ಅದೇ ಸದ್ದು, ಸಾವಿರಾರು ಕಿಲೋಮೀಟರ್ ದೂರದ ಒಂದು ಸಣ್ಣ ಕೋಣೆಯಲ್ಲಿ, ಅರ್ಧಂಬರ್ಧ ಗೊತ್ತಿದ್ದ ಭಾಷೆಯಲ್ಲಿ ಮಾಮಾ ಹಾಡಿದಾಗ ಕೇಳಿಸಿತು. ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಲೋಟ ಕೆಳಗಿಟ್ಟು ಹಾಡು ಮುಗಿಯುವವರೆಗೂ ಅಲುಗಾಡಲಿಲ್ಲ.

ಸಕುರಾ ಕೇಳಿದವರಿಗೆ ಫೋನಿನ ಆಪ್ ಇನ್ನೊಂದು ಸಕುರಾ ಕೊಡುತ್ತದೆ. ಬೇಜಾರಿನ ಹಾಡಿಗೆ ಇನ್ನೊಂದು ಬೇಜಾರಿನ ಹಾಡು ಪೋಣಿಸುತ್ತದೆ. ನನ್ನ ಫೋನು ಒಂದು ಸಲವೂ ಹೂವಿನ ಹಾಡಿನಿಂದ ನನ್ನನ್ನು ಕಬ್ಬಿನ ಗದ್ದೆಗೆ ಕರೆದುಕೊಂಡು ಹೋಗಿಲ್ಲ. ಅಕ್ಷರಕ್ಕೆ ನನ್ನ ರುಚಿ ಗೊತ್ತಿಲ್ಲ, ಅದಕ್ಕೇ ಅದು ನನಗೆ ಹೊಸದನ್ನು ತೋರಿಸಿತು. ‘ಸ’ ವಿಭಾಗದ ಕೊನೆಯಲ್ಲಿ ನೋಡಿ, 1995ರ ಎವಾಂಗೆಲಿಯನ್ ಅನ್ನುವ ಅನಿಮೆಯ, ಅಂದರೆ ಜಪಾನಿ ಕಾರ್ಟೂನ್ ಧಾರಾವಾಹಿಯ, ಶೀರ್ಷಿಕೆ ಹಾಡು ‘ಜಾನ್ಕೊಕು ನ ತೆನ್ಶಿ ನೊ ತೇಜೆ’ ಸಿಗುತ್ತದೆ. ಅವರಲ್ಲಿ ‘ಸ’ ಅಕ್ಷರದ ತಲೆಗೆ ಎರಡು ಗೀಟು ಹಾಕಿದರೆ ‘ಜ಼’ ಆಗುತ್ತದೆ, ನಾವು ಕೆಳಗೆ ಎರಡು ಚುಕ್ಕಿ ಇಡುವ ಹಾಗೆ. ಆದ್ದರಿಂದ ಅದು ‘ಸ’ದ ಮನೆಯಲ್ಲೇ ಇರುತ್ತದೆ. ಅದರಿಂದ ಸ್ವಲ್ಪ ಕೆಳಗೆ ‘ಸಾನ್ಪೊ’, 1988ರ ಟೊಟೊರೊ ಅನ್ನುವ ಕಾರ್ಟೂನ್ ಚಿತ್ರದ ಹಾಡು, ಅಲ್ಲಿನ ಪುಟ್ಟ ಮಕ್ಕಳು ಕೈಕೈ ಹಿಡಿದು ಹಾಡುವಂಥದ್ದು. ಲೋಕವೇ ಮುಳುಗುವ ಕಥೆಯ ಹಾಡಿನ ಪಕ್ಕ ಮಕ್ಕಳ ವಾಕಿಂಗ್ ಹಾಡು!

‘ಸಯೊನಾರಾ’ ಅನ್ನುವ ಹೆಸರಿನ ಹಾಡುಗಳೂ ಇವೆ. ಆಫ್ ಕೋರ್ಸ್ ಗುಂಪಿನ 1979ರ ಹಾಡು ಇವತ್ತಿಗೂ ಕರಾವೋಕೆಯಲ್ಲಿ ಕೇಳಿಸುತ್ತದೆ. ಆ ಪದದ ಮೂಲ ಅರ್ಥ ‘ವಿದಾಯ’ ಅಲ್ಲ, ‘ಹಾಗಿದ್ದ ಪಕ್ಷದಲ್ಲಿ’ ಅಂತ. ನಾವು ಎದ್ದು ನಿಂತು ‘ಹಾಗಿದ್ರೆ ಬರ್ತೀನಿ’ ಅನ್ನುತ್ತೇವಲ್ಲ, ಅದರ ‘ಹಾಗಿದ್ರೆ’ ಮಾತ್ರ ಉಳಿಸಿಕೊಂಡಿದ್ದಾರೆ. ‘ಬರ್ತೀನಿ’ ನಾವು ಉಳಿಸಿಕೊಂಡೆವು.

ಮೊದಲ ಅಕ್ಷರಕ್ಕೆ ಅಲ್ಲಿ ಎಷ್ಟು ಬೆಲೆ ಅಂತ ತಿಳಿಯಬೇಕಾದರೆ ಕರುತಾ ಆಟ ನೋಡಬೇಕು. ಹಳೇ ಕಾಲದ 100 ಪದ್ಯಗಳು. ಓದುವವರು ಪದ್ಯ ಶುರು ಮಾಡಿದ ಕೂಡಲೇ ಅದರ ಉತ್ತರಾರ್ಧ ಇರುವ ಕಾರ್ಡನ್ನು ಚಾಪೆ ಮೇಲಿಂದ ಹೊಡೆದು ಹಾರಿಸಬೇಕು. ‘ಅ’ದಿಂದ ಶುರುವಾಗುವ ಪದ್ಯ 16 ಇವೆ, ಮುಂದಿನ ಅಕ್ಷರಗಳಿಗೆ ಕಾಯಬೇಕು. ಆದರೆ 7 ಪದ್ಯಗಳಿಗೆ ಒಂದೇ ಅಕ್ಷರ ಸಾಕು: ಮು, ಸು, ಮೆ, ಫು, ಸ, ಹೊ, ಸೆ. ‘ಸ’ದ ಪದ್ಯ ರ್ಯೋಜೆನ್ ಅನ್ನುವ ಭಿಕ್ಷುವಿನದು. ಒಂಟಿತನ ತಡೆಯಲಾರದೆ ಗುಡಿಸಲಿನಿಂದ ಆಚೆ ಬಂದು ನೋಡಿದರೆ ಎಲ್ಲೆಲ್ಲೂ ಅದೇ ಶರತ್ಕಾಲದ ಸಂಜೆ ಅನ್ನುತ್ತಾನೆ. ಜಪಾನಿಯಲ್ಲಿ ಪದ್ಯಕ್ಕೂ ‘ಉತಾ’, ಹಾಡಿಗೂ ‘ಉತಾ’. ಹೆಸರು ಬೇರೆ ಇಟ್ಟಿಲ್ಲ.

ಅಕ್ಷರ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಸಕಾಮೊತೊ ಕ್ಯೂ ಅವರ 1961ರ ಹಾಡು ಸಾಕ್ಷಿ. ಅದರ ನಿಜವಾದ ಹೆಸರು ‘ಉಎ ಒ ಮುಯಿತೆ ಅರುಕೋ’, ಕಣ್ಣೀರು ಬೀಳದ ಹಾಗೆ ತಲೆ ಎತ್ತಿ ನಡೆಯೋಣ ಅಂತ. ‘ಉ’ ಪುಟದ ಹಾಡು. ಹೊರಗಿನವರಿಗೆ ಉಚ್ಚರಿಸಲು ಕಷ್ಟ ಅಂತ ‘ಸುಕಿಯಾಕಿ’ ಅಂತ ಹೆಸರು ಬದಲಿಸಿದರು. ಸುಕಿಯಾಕಿ ಅಂದರೆ ದನದ ಮಾಂಸದ ಒಂದು ಅಡುಗೆ! 1963ರ ಜೂನಿನಲ್ಲಿ ಅಮೆರಿಕದಲ್ಲಿ 3 ವಾರ ಮೊದಲ ಸ್ಥಾನದಲ್ಲಿತ್ತು. ಇಷ್ಟು ದೊಡ್ಡ ಗೆಲುವು, ಅದೂ ಅಡುಗೆಯ ಹೆಸರಿನಲ್ಲಿ. ನನಗೆ ಈಗಲೂ ಸಂಕಟ ಆಗುತ್ತದೆ. 1985ರ ಆಗಸ್ಟ್ 12ರಂದು 520 ಜನರನ್ನು ಬಲಿ ತೆಗೆದುಕೊಂಡ ವಿಮಾನ ಅಪಘಾತದಲ್ಲಿ ಸಕಾಮೊತೊ ತೀರಿಕೊಂಡರು. ಮಾಮಾ ಈ ಹಾಡನ್ನು ಯಾರಾದರೂ ‘ಸು’ದಲ್ಲಿ ಹುಡುಕಿದರೆ ಸುಮ್ಮನೆ ಪುಸ್ತಕ ತೆಗೆದುಕೊಂಡು ‘ಉ’ ಪುಟ ತೆಗೆದು ಕೊಡುತ್ತಿದ್ದರು.

ನಮ್ಮ ಹಾಡುಗಳಿಗೂ ಇಂಥ ಪುಸ್ತಕ ಬೇಕು. ನನ್ನ ಫೋನಿನಲ್ಲಿ ಕನ್ನಡ ಹಾಡುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿವೆ. ‘ಶ’, ‘ಷ’, ‘ಸ’ ಎಲ್ಲ ಕಲಸಿಹೋಗಿವೆ, ‘ತ’ ಯಾವುದು ‘ಟ’ ಯಾವುದು ಗೊತ್ತಾಗುವುದಿಲ್ಲ. ಸಾವಿರ ವರ್ಷದ ಹಿಂದೆ ಅಕ್ಷರ ಜೋಡಿಸುವ ಕ್ರಮ ನಮ್ಮ ಕಡೆಯಿಂದ ಅಷ್ಟು ದೂರ ಹೋಯಿತು, ನಮ್ಮ ಫೋನಿಗೆ ಮಾತ್ರ ಬರಲಿಲ್ಲ.

ಹೋದ ತಿಂಗಳು ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದು ಅಮ್ಮನ ಹತ್ತಿರ ಕೂತೆ. ಸಿನಿಮಾ ಹಾಡು ಆಮೇಲೆ, ಮೊದಲು ಅಮ್ಮನಿಗೆ ಬರುವುದೆಲ್ಲ. ದೇವರನಾಮ, ಬೀಸುವ ಪದ, ನಾಟಿ ಹಾಕುವಾಗ ಹೇಳುತ್ತಿದ್ದ ಪದ. ಅಮ್ಮನಿಗೆ ಹಾಡಿನ ಹೆಸರು ಗೊತ್ತಿಲ್ಲ, ಮೊದಲ ಸಾಲು ಗೊತ್ತು. ‘ಸ’ ಪುಟದಲ್ಲಿ ಈಗ 9 ಹಾಡು ಆಗಿವೆ. ಹತ್ತನೆಯದು ನಾಲಿಗೆ ತುದಿಯಲ್ಲಿದೆ, ನಾಳೆ ಹೇಳ್ತೀನಿ ಅಂದಿದ್ದಾರೆ.