ಒಂದು ದಿನ ಸಾಲಿ ತಪ್ಪಿದ್ರ ಏನಾಕ್ಕೈತ್ರಿ?

"ಒಂದು ದಿನ ಸಾಲಿ ತಪ್ಪಿದ್ರ ಏನಾಕ್ಕೈತ್ರಿ? ಇನ್ನ ಎರಡನೇತ್ತಾ ಐತಿ ಹುಡುಗಿ."

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನನ್ನದು ಹಳೇ ಹುಬ್ಬಳ್ಳಿ ಕಡೆ ಸಣ್ಣ ಝೆರಾಕ್ಸ್ ಅಂಗಡಿ. ಜೊತೆಗೆ ಪಾಟಿ, ಪೆನ್ನು, ನೋಟ್‌ಬುಕ್ ಮಾರುತ್ತೇನೆ. ಹತ್ತಿರದಲ್ಲೇ ಸರ್ಕಾರಿ ಪ್ರಾಥಮಿಕ ಶಾಲೆ ಇದೆ, ಅದರ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆ ನೋಡಿಕೊಳ್ಳುವ ಪಾಲಕರ ಸಮಿತಿಯಲ್ಲಿ, ನಾನೂ ಒಬ್ಬ. ಹಾಗಾಗಿ ಈ ಮಾತು ಅಂಗಡಿ ಕಟ್ಟೆಯ ಮೇಲೂ ಬರುತ್ತದೆ, ಮೀಟಿಂಗಿನಲ್ಲೂ ಬರುತ್ತದೆ. ಇವತ್ತು ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಒಂದು ವಿಷಯ. ಪೂರ್ತಿ ಶಾಲೆ ಬಿಟ್ಟ ಮಗುವನ್ನು ಹುಡುಕೋಕೆ ನಮ್ಮಲ್ಲಿ ವ್ಯವಸ್ಥೆ ಇದೆ. ಕರ್ನಾಟಕದಲ್ಲಿ ಕಾರಣ ಇಲ್ಲದೆ ಸತತ 7 ದಿನ ಬರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಅಂತ ಎಣಿಸಬೇಕು. ಮೊದಲು ಅದು 60 ದಿನ ಇತ್ತು. ಈಗ 7 ದಿನ ಆದಮೇಲೆ ಮಾಸ್ತರರು ಮನೆಗೆ ಹೋಗಬೇಕು, ವರದಿ ಮಾಡಬೇಕು, ಮೇಲಿನವರು ಕೇಳುತ್ತಾರೆ. ಒಳ್ಳೆಯದೇ ಆಯಿತು. ಆದರೆ ಸೋಮವಾರ ಬಂದು, ಮಂಗಳವಾರ ತಪ್ಪಿಸಿ, ಬುಧವಾರ ಬಂದು, ಶನಿವಾರ ಮತ್ತೆ ತಪ್ಪಿಸುವ ಮಗು ಇದೆಯಲ್ಲ, ಅದು ಈ ಲೆಕ್ಕಕ್ಕೆ ಎಂದೂ ಸಿಗುವುದಿಲ್ಲ. ಏಳು ದಿನ ತುಂಬುವುದೇ ಇಲ್ಲ. ದಾಖಲೆಯಲ್ಲಿ ಅದು ಶಾಲೆಗೆ ಹೋಗುವ ಮಗು. ಅಪ್ಪ-ಅವ್ವನ ಮನಸ್ಸಿನಲ್ಲೂ ಹಾಗೇ. ಯಾರೂ ಅದನ್ನು ಹುಡುಕಿಕೊಂಡು ಹೋಗುವುದಿಲ್ಲ.

ಲೆಕ್ಕ ಹಾಕೋಣ ಬನ್ನಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಇಯತ್ತೆವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ, 800 ತಾಸು ಪಾಠ. ಅಂದರೆ ದಿನಕ್ಕೆ ನಾಲ್ಕು ತಾಸು. ತಿಂಗಳಿಗೆ ಬರೀ ಎರಡು ದಿನ ತಪ್ಪಿದರೆ ಹತ್ತು ತಿಂಗಳಲ್ಲಿ 20 ದಿನ. ಐದನೇತ್ತಾ ಮುಗಿಯುವ ಹೊತ್ತಿಗೆ 100 ದಿನ, ಅಂದರೆ ಅರ್ಧ ವರ್ಷದ ಸಾಲಿ ಹೋಯಿತು. ತಡ ಮಾಡಿ ಬರುವುದೂ ಅಷ್ಟೇ. ದಿನಾ ಹತ್ತು ನಿಮಿಷ ಅಂದ್ರೆ ಯಾರಿಗೂ ದೊಡ್ಡದಾಗಿ ಕಾಣಲ್ಲ. 200 ದಿನಕ್ಕೆ ಅದು 33 ತಾಸು ದಾಟುತ್ತದೆ. ಮನೆಯಿಂದ ದಿನಾ ಹೊರಟ ಮಗು ಎಂಟು ದಿನದ ಪಾಠ ಕೇಳಿಯೇ ಇಲ್ಲ ಅಂತಾಯಿತು.

"ಎರಡನೇತ್ತಾ ಐತಿ" ಅನ್ನುವವರಿಗೆ ಈಗ ಹೇಳಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ಇಯತ್ತೆವರೆಗೆ ನಲಿ-ಕಲಿ ಇದೆ, ಚಟುವಟಿಕೆ ಮಾಡುತ್ತಾ ಮಗು ತನ್ನ ವೇಗದಲ್ಲಿ ಕಲಿಯುವ ಪದ್ಧತಿ. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಗಿ, 2009-10ರಲ್ಲಿ ರಾಜ್ಯದ ಎಲ್ಲ ಕಡೆ ಬಂತು. ಗೋಡೆ ಮೇಲೆ ಏಣಿಯ ಚಿತ್ರ, ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಚಟುವಟಿಕೆ, ಕೆಳಗೆ ಗುಂಪು ಗುಂಪಾಗಿ ಕೂತ ಮಕ್ಕಳು. ನೋಡಿದವರಿಗೆ ಗೊತ್ತು. ಅದರ ಒಂದು ದೊಡ್ಡ ಗುಣ ಅಂದರೆ ನಾಲ್ಕು ದಿನ ತಪ್ಪಿಸಿ ಬಂದ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹಿಡಿಯಬಹುದು. ಹಳ್ಳಿ ಮಕ್ಕಳು ಹೊಲದ ಕೆಲಸಕ್ಕೆ, ಜಾತ್ರೆಗೆ ತಪ್ಪಿಸುತ್ತಾರೆ ಅಂತ ಗೊತ್ತಿದ್ದ ಮಾಸ್ತರರೇ ಸೇರಿ ಕಟ್ಟಿದ ಪದ್ಧತಿ ಅದು. ಮಗುವಿಗೆ ಅವಮಾನ ಇಲ್ಲ, ಭಯ ಇಲ್ಲ.

ಆದರೆ ಅದೇ ಕಾರಣಕ್ಕೆ ಮನೆಯವರಿಗೆ ನಷ್ಟ ಕಾಣುವುದೂ ಇಲ್ಲ. ಮೂರು ವರ್ಷ ಮಗು ನಗುತ್ತಾ ಹೋಗಿ ಬರುತ್ತದೆ. ನಾಲ್ಕನೇತ್ತಾಕ್ಕೆ ಬಂದಕೂಡಲೇ ಪಾಠದ ಪುಸ್ತಕ, ಎಲ್ಲರಿಗೂ ಒಂದೇ ಪಾಠ, ನಿನ್ನೆಯದು ಗೊತ್ತಿದೆ ಅಂತಲೇ ಇವತ್ತಿನದು ಶುರು. ಮಂಗಳವಾರ ದಶಕ ಸಾಲ ತಗೊಂಡು ಕಳೆಯುವುದು ಹೇಳಿಕೊಟ್ಟಿದ್ದರೆ ಬುಧವಾರ ಬಂದ ಮಗುವಿಗೆ 42ರಲ್ಲಿ 17 ಹೋದರೆ ಎಷ್ಟು ಅನ್ನುವುದು ಯಾವ ಕಾಲಕ್ಕೂ ಗೊಂದಲವೇ. ಆಗ ಅಪ್ಪ ಬಂದು "ಇವನಿಗೆ ಗಣಿತ ತಲಿಗೆ ಹತ್ತಂಗಿಲ್ಲ" ಅನ್ನುತ್ತಾನೆ. ಹತ್ತದೆ ಏನು? ಕಲಿಸಿದ ದಿನ ಹುಡುಗ ಕ್ಲಾಸಿನಲ್ಲಿ ಇರಲಿಲ್ಲ, ಅಷ್ಟೇ.

ಇನ್ನು ಮಕ್ಕಳು ಯಾಕೆ ತಪ್ಪಿಸುತ್ತಾರೆ? ಸೋಮಾರಿಗಳು ಅಂತ ಬೈಯುವವರು ಒಮ್ಮೆ ನಮ್ಮ ಓಣಿಗೆ ನಳಾ ಬಂದ ದಿನ ಬಂದು ನೋಡಿ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೇ ದಿನದ 24 ತಾಸೂ ನೀರು ಬಂತು. ಪುಣ್ಯವಂತರು. ಉಳಿದ ಎಷ್ಟೋ ಓಣಿಗಳಲ್ಲಿ ಇನ್ನೂ ಸರದಿ. ಮಲಪ್ರಭೆ ಸವದತ್ತಿಯಿಂದ ಇಲ್ಲಿತನಕ ಬರುತ್ತಾಳೆ, ನಮ್ಮ ನಳದೊಳಗೆ ಬರೋಕೆ ಮಾತ್ರ ದಿನಗಟ್ಟಲೆ ಕಾಯಿಸುತ್ತಾಳೆ. ಬಂದಾಗ ಕೊಡ, ಬಕೆಟ್, ಡ್ರಮ್ಮು, ಕೊನೆಗೆ ಚಾ ಕಾಸುವ ಪಾತೇಲಿ ಸಹಿತ ತುಂಬಿಸಬೇಕು. ಮುಂಜಾನೆ ಎಂಟೂವರೆಗೆ ನೀರು ಬಿಟ್ಟರೆ ಮನೆಯಲ್ಲಿ ಯಾರಿರುತ್ತಾರೆ? ಅಪ್ಪ ಹಮಾಲಿಗೆ ಎಪಿಎಂಸಿಗೆ ಹೋಗಿರುತ್ತಾನೆ, ಅವ್ವ ಮನೆಗೆಲಸಕ್ಕೆ ಹೋಗಿರುತ್ತಾಳೆ. ಉಳಿದವಳು ನಾಲ್ಕನೇತ್ತಾ ಹುಡುಗಿ. ಅವಳ ತಮ್ಮ ಯೂನಿಫಾರ್ಮ್ ಹಾಕಿಕೊಂಡು ಹೋಗುತ್ತಾನೆ, ಇವಳು ಪೈಪು ಹಿಡಿದು ನಿಲ್ಲುತ್ತಾಳೆ. ಮರುದಿನ ಅಂಗಡಿಗೆ ಬಂದಾಗ "ನಿನ್ನೆ ಯಾಕವ್ವಾ ಬರಲಿಲ್ಲ?" ಅಂದರೆ "ನಳಾ ಬಂದಿತ್ತರಿ ಕಾಕಾ" ಅನ್ನುತ್ತಾಳೆ. ಜ್ವರ ಬಂದಿತ್ತು ಅಂದಷ್ಟೇ ಸಹಜವಾಗಿ. ತಮ್ಮ ಒಂದು ದಿನವೂ ಈ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಗದಗ-ಬೆಟಗೇರಿಯಲ್ಲಿರುವ ನಮ್ಮ ಅತ್ತಿಗೆಯನ್ನು ಕೇಳಿದರೆ ಅಲ್ಲೂ ಇದೇ ಕಥೆ.

ಎರಡನೆಯದು, ಎಂಟರಿಂದ ಹತ್ತರ ನಡುವಿನ ಎರಡು ತಾಸು. ಕೂಲಿಗೆ ಕರೆದೊಯ್ಯುವ ಟಂಟಂ ಎಂಟಕ್ಕೆ ಬಿಡುತ್ತದೆ, ಶಾಲೆಯ ಪ್ರಾರ್ಥನೆ ಹತ್ತರ ಆಸುಪಾಸು. ಒಬ್ಬ ತಾಯಿ ನನಗೇ ದಬಾಯಿಸಿದ್ದಳು. "ಅಣ್ಣಾರ, ನೀವ ಹೇಳ್ರಿ, ಟಂಟಂ ತಪ್ಪಿದ್ರ ಪಗಾರ ಇಲ್ಲ. ರೊಟ್ಟಿ ಕಟ್ಟಿಟ್ಟು, ಹೆರಳು ಹಾಕಿ, ಸಾಲಿಗೆ ಹೋಗ ಅಂತ ಹೇಳಿ ಹೊಕ್ಕೀನಿ. ಮುಂದ ನಾ ಏನ್ ಮಾಡ್ಲಿ?" ಅವಳ ಮಾತು ಸರಿ. ಏಳು ವರ್ಷದ ಮಗುವಿಗೆ ಗಡಿಯಾರ ನೋಡೋಕೆ ಇನ್ನೂ ಬರಲ್ಲ. ಟಿವಿಯಲ್ಲಿ ಕಾರ್ಟೂನ್ ನಡೆಯುತ್ತಿರುತ್ತದೆ. ಎದ್ದು ಕೀಲಿ ಹಾಕಿಕೊಂಡು ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ಇಷ್ಟು ಸಣ್ಣ ಮಕ್ಕಳ ವಿಷಯದಲ್ಲಿ ಟೈಮಿಗೆ ಬರುವುದು ಮಗುವಿನ ಗುಣ ಅಂತ ಹೇಳುವುದೇ ತಪ್ಪು. ಅದು ಮನೆಯ ಮತ್ತು ಓಣಿಯ ಕೆಲಸ.

ಹಂಗಾಮಿನ ಮಾತು ಬೇರೆಯೇ ಇದೆ. ಶ್ರಾವಣದಲ್ಲಿ ಪಂಚಮಿಗೆ ಅವ್ವ ತವರಿಗೆ ಹೋದರೆ ಮಕ್ಕಳೂ ಜೊತೆಗೆ. ಉಂಡಿ ತಿಂದು, ಜೋಕಾಲಿ ಆಡಿ ಬರುವುದು ಮುಂದಿನ ವಾರವೇ. ಇದಕ್ಕೆ ನನಗೆ ಸಿಟ್ಟು ಬರುವುದಿಲ್ಲ, ಆ ಜೋಕಾಲಿ ಮಕ್ಕಳಿಗೆ ಬೇಕು. ಆದರೆ ಎರಡು ದಿನದ ಹಬ್ಬ ಎಂಟು ದಿನ ಆಗಬೇಕಾ? ಬ್ಯಾಡಗಿ ಕಡೆ ಮೆಣಸಿನಕಾಯಿ ಹಂಗಾಮು, ಹೊಲಗಳಲ್ಲಿ ಹತ್ತಿ ಬಿಡಿಸುವುದು, ರಾಣೆಬೆನ್ನೂರು ಕಡೆ ಬೀಜದ ಹೊಲಗಳಲ್ಲಿ ಕ್ರಾಸಿಂಗ್, ಅಂದರೆ ಹೂವಿಗೆ ಕೈಯಿಂದ ಪರಾಗ ಹಚ್ಚುವ ಕೆಲಸ. ಇವಕ್ಕೆ "ಸಣ್ಣ ಕೈ ಚುರುಕು" ಅಂತ ಮಕ್ಕಳನ್ನು ಕರೆದೊಯ್ಯುವುದು ಹಳೆಯ ರೋಗ, ಅದಕ್ಕೆ ಕಾನೂನೇ ಬೇಕು, ನನ್ನ ಪೋಸ್ಟು ಸಾಲದು.

ಹಾಗಂತ ಬಡವರ ಮಕ್ಕಳಷ್ಟೇ ತಪ್ಪಿಸುತ್ತಾರೆ ಅಂದುಕೊಳ್ಳಬೇಡಿ. ವರ್ಷಕ್ಕೆ ಅರವತ್ತು ಎಪ್ಪತ್ತು ಸಾವಿರ ಫೀಸು ಕಟ್ಟಿ, ಶನಿವಾರ-ರವಿವಾರದ ಜೊತೆ ಸೋಮವಾರವನ್ನೂ ಸೇರಿಸಿ ಗೋವಾ ದಾಂಡೇಲಿ ಅಂತ ಹೋಗುವ ಮಂದಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲೇ ಇದ್ದಾರೆ. ರಾತ್ರಿ ಹನ್ನೊಂದರವರೆಗೆ ಮಗುವಿನ ಕೈಗೆ ಮೊಬೈಲ್ ಕೊಟ್ಟು ಮುಂಜಾನೆ "ಏಳಂಗಿಲ್ಲ ನೋಡ್ರಿ" ಅನ್ನುವವರೂ ಇವರೇ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ಗೇಟು. ಕೆಲವು ಶಾಲೆಗಳಲ್ಲಿ, ಹೆಸರು ಬೇಡ, ತಡವಾಗಿ ಬಂದ ಮಕ್ಕಳನ್ನು ಹೊರಗೆ ಸಾಲಾಗಿ ನಿಲ್ಲಿಸುತ್ತಾರೆ. ಬಿಸಿಲಲ್ಲಿ. ಕೆಲವೊಮ್ಮೆ ಕಿವಿ ಹಿಡಿಸಿ. ಶಿಸ್ತು ಬರಲಿ ಅಂತ. ಒಬ್ಬ ಹುಡುಗ ಬರುವುದನ್ನು ನೋಡಿದ್ದೇನೆ. ಓಡಿಕೊಂಡು ತಿರುವಿನ ತನಕ ಬಂದ, ಆ ಸಾಲು ಕಂಡಿತು, ಅಲ್ಲೇ ನಿಂತ, ಬ್ಯಾಗು ಸರಿಮಾಡಿಕೊಂಡು ತಿರುಗಿ ನಡೆದ. ಹದಿನೈದು ನಿಮಿಷ ತಡವಾಗಿದ್ದ ಹುಡುಗನನ್ನು ಇಡೀ ದಿನದ ಗೈರು ಮಾಡಿದ್ದು ಯಾರು? ಅವತ್ತಿನ ಪಾಠ ಹೋಯಿತು, ಹಾಲು ಹೋಯಿತು, ಊಟ ಹೋಯಿತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಬೇಡ ಅನ್ನುತ್ತದೆ. ಕಾಯ್ದೆ ಬಿಡಿ, ಬುದ್ಧಿ ಉಪಯೋಗಿಸಿದರೂ ಸಾಕು. ತಡವಾದರೂ ಬಂದಿದೆ ಅಂದರೆ ಆ ಮಗುವಿಗೆ ಶಾಲೆ ಬೇಕು ಅಂತ ಅರ್ಥ. ಒಳಗೆ ಬಿಡಿ, ಕೂರಿಸಿ, ಸಂಜೆ ಅವರಪ್ಪನಿಗೆ ಫೋನ್ ಮಾಡಿ.

ಫೋನ್ ಮಾಡುವ ಮಾಸ್ತರರ ವೇಳೆಯೂ ಕೇಳಬೇಕಲ್ವಾ? ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಮಾಡಿಕೊಂಡು ಕಲಘಟಗಿ, ನವಲಗುಂದ ಕಡೆ ಹಳ್ಳಿಗಳಿಗೆ ದಿನಾ ಬಸ್ಸಿನಲ್ಲಿ ಹೋಗುವ ಗುರುಗಳು ಎಷ್ಟೋ ಜನ ಇದ್ದಾರೆ. ಬಸ್ಸು ತಡವಾದರೆ ಶಾಲೆಯೇ ತಡ. ಅದನ್ನು ಮಕ್ಕಳು ನೋಡುತ್ತಿರುತ್ತಾರೆ. ಜೊತೆಗೆ ಸರ್ಕಾರ ಇವರನ್ನು ಗಣತಿ, ಚುನಾವಣೆ ಅಂತ ಓಡಾಡಿಸುತ್ತದೆ. 2025ರ ದಸರಾ ರಜೆ ನೆನಪಿದೆಯಾ? ಮಾಸ್ತರರಿಗೆ ಹಚ್ಚಿದ್ದ ಜಾತಿ ಸಮೀಕ್ಷೆ ಮುಗಿಯಲಿಲ್ಲ ಅಂತ ಅಕ್ಟೋಬರ್ 18ರವರೆಗೆ ಬೆಳೆಯಿತು. ದೊಡ್ಡವರೇ ಶಾಲೆಯ ದಿನವನ್ನು ಇಷ್ಟು ಅಗ್ಗ ಮಾಡಿದರೆ "ಒಂದ ದಿನ ತಪ್ಪಿದ್ರ ಏನಾಕ್ಕೈತಿ" ಅನ್ನುವ ತಾಯಿಗೆ ಯಾವ ಬಾಯಿಯಿಂದ ಹೇಳೋಣ?

ಏನು ಮಾಡಿದರೆ ಮಕ್ಕಳು ಬರುತ್ತಾರೆ ಅನ್ನುವುದು ಗುಟ್ಟೇನಲ್ಲ. ಊಟ ಕರೆತರುತ್ತದೆ. ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹ, 2013ರಲ್ಲಿ ಕ್ಷೀರಭಾಗ್ಯ, 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ಬೇಡ ಅನ್ನುವವರಿಗೆ ಬಾಳೆಹಣ್ಣು. ಹುಬ್ಬಳ್ಳಿಯಲ್ಲಿ ರಾಯಾಪುರದ ಅಡುಗೆಮನೆಯಿಂದ ಊಟದ ಗಾಡಿ ಬರುವ ಸಪ್ಪಳಕ್ಕೆ ಮಕ್ಕಳ ಕಿವಿ ನೆಟ್ಟಗಾಗುವುದನ್ನು ನೋಡಬೇಕು. ಇದನ್ನು "ತಿನ್ನಾಕ ಬರತಾವ" ಅಂತ ಹಗುರ ಮಾಡುವವರ ಜೊತೆ ನಾನು ವಾದ ಮಾಡುವುದಿಲ್ಲ. ತಿನ್ನಲಿ. ತಿಂದು ಕೂತರೆ ಪಾಠ ಕೇಳುತ್ತಾವೆ. ಊಟ ಆದಮೇಲೆ ಹಿಂದಿನ ಗೋಡೆ ಹಾರಿ ಮಾಯವಾಗುವ ನಾಲ್ಕು ಹುಡುಗರ ವಿಷಯ ಬೇರೆ, ಅವರಿಗೆ ಮಧ್ಯಾಹ್ನ ಆಟದ ಪೀರಿಯಡ್ ಇಟ್ಟರೆ ಅರ್ಧ ಸಮಸ್ಯೆ ಮುಗಿಯಿತು.

ನೂರಕ್ಕೆ ನೂರು ಹಾಜರಿ ಇದ್ದವರಿಗೆ ಬಹುಮಾನ ಕೊಡೋಣ ಅಂತ ನಮ್ಮ ಮೀಟಿಂಗಿನಲ್ಲಿ ಒಬ್ಬರು ಹೇಳಿದರು. ನಾನು ಬೇಡ ಅಂದೆ. ಜ್ವರ ಇದ್ದ ಮಗುವನ್ನೂ ಕಳಿಸುತ್ತಾರೆ, ಉಳಿದ ಹತ್ತು ಮಕ್ಕಳಿಗೆ ಹಬ್ಬುತ್ತದೆ. ನಳಾ ಹಿಡಿಯುವ ಹುಡುಗಿಗೆ ಆ ಬಹುಮಾನ ಜನ್ಮದಲ್ಲಿ ಸಿಗುವುದೂ ಇಲ್ಲ. ಅದರ ಬದಲು ಓಣಿಯ ದೊಡ್ಡ ಮಕ್ಕಳು, ಆರನೇ ಏಳನೇತ್ತಾದವರು, ಸಣ್ಣವರ ಮನೆ ಬಾಗಿಲಲ್ಲಿ ಕೂಗಿ ಜೊತೆಗೆ ಕರೆದುಕೊಂಡು ಬರುವುದನ್ನು ಶುರು ಮಾಡಿದೆವು. ಒಂಬತ್ತೂಕಾಲಿಗೆ ಗೇಟು ತೆಗೆದು ಅಂಗಳದಲ್ಲಿ ಆಡಲು ಬಿಡುತ್ತೇವೆ, ಪಾಲಕರಲ್ಲಿ ಒಬ್ಬರು ಸರದಿ ಮೇಲೆ ಕೂರುತ್ತಾರೆ. ಬರದ ಮಗುವಿನ ಮನೆಗೆ ಅದೇ ದಿನ ಹನ್ನೊಂದರ ಒಳಗೆ ಫೋನ್ ಹೋಗುತ್ತದೆ. ಬೈಯೋಕೆ ಅಲ್ಲ, "ಪಾರವ್ವ ಬಂದಿಲ್ಲಲ್ರೀ, ಆರಾಮ ಅದಾಳೇನು?" ಅಂತ ಕೇಳೋಕೆ. ಇದರಿಂದ ಎಲ್ಲ ಸರಿಹೋಯಿತು ಅಂತ ಹೇಳಲ್ಲ. ಶನಿವಾರದ ಮುಂಜಾನೆ ಸಾಲಿ ಇನ್ನೂ ಕಷ್ಟವೇ ಇದೆ. ಆದರೆ ಒಂದನೇತ್ತಾ ಎರಡನೇತ್ತಾ ಮಕ್ಕಳು ತಡವಾಗುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಕೂಗುವ ಅಕ್ಕನಿಗೋಸ್ಕರವಾದರೂ ಎದ್ದು ಬರುತ್ತಾವೆ.

ನೀರಿನದು ಮಾತ್ರ ನಮ್ಮ ಕೈಯಲ್ಲಿಲ್ಲ. ಅದಕ್ಕೇ ಒಂದು ಅರ್ಜಿ ಬರೆದಿದ್ದೇನೆ. ಕೇಳಿರುವುದು ಎರಡೇ. ಶಾಲೆ ಇರುವ ದಿನ ನಮ್ಮ ಓಣಿಗಳಿಗೆ ಮುಂಜಾನೆ ಏಳರ ಒಳಗೆ ಇಲ್ಲವೇ ಸಂಜೆ ಐದರ ಮೇಲೆ ನೀರು ಬಿಡಿ, ಅದು ಆಗದಿದ್ದರೆ ಹಿಂದಿನ ರಾತ್ರಿಯೇ ವೇಳೆ ತಿಳಿಸಿ, ಮನೆಯವರು ಬೇರೆ ಏನಾದರೂ ವ್ಯವಸ್ಥೆ ಮಾಡಿಕೊಳ್ಳುತ್ತಾರೆ. ಅರ್ಜಿಯ ಪ್ರತಿ ಅಂಗಡಿಯಲ್ಲಿದೆ. ಮುಂಜಾನೆ ಎಂಟರಿಂದ ರಾತ್ರಿ ಎಂಟರತನಕ ಯಾವಾಗ ಬಂದರೂ ಸಹಿ ಹಾಕಬಹುದು. ಬರೋಕೆ ಆಗದವರು ಕಾಮೆಂಟಿನಲ್ಲಿ ಓಣಿ ಹೆಸರು ಬರೆಯಿರಿ, ನಾನೇ ಮನೆಗೆ ತರುತ್ತೇನೆ. ಬೇರೆ ಓಣಿಯವರು ಇದನ್ನೇ ತಿದ್ದಿ ತಮ್ಮ ಹೆಸರಲ್ಲಿ ಕೊಡುವುದಾದರೆ ಹೇಳಿ, ಝೆರಾಕ್ಸಿಗೆ ದುಡ್ಡು ತಗೊಳ್ಳಲ್ಲ.