ಆ ಹುಡುಗನಿಗೆ ಒಬ್ಬ ಜೊತೆಗಾರ ಬೇಕು

ಈಗಷ್ಟೇ ಅತ್ತೆಯನ್ನು ಆಸ್ಪತ್ರೆಯಿಂದ ಕರೆದುಕೊಂಡು ಬಂದೆ. ಒದ್ದೆ ಕೊಡೆ ಇನ್ನೂ ಜಗಲಿಯಲ್ಲೇ ಇದೆ. ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಂಟೂವರೆಗೇ ಸಾಲಿನಲ್ಲಿ ನಿಂತಿದ್ದೆವು. ಅತ್ತೆಗೆ ಶುಗರ್ ಟೆಸ್ಟ್, ಖಾಲಿ ಹೊಟ್ಟೆ. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ ನಿಮಗೆ ಗೊತ್ತೇ ಇದೆ. ಕರೆಂಟ್ ಎರಡು ಸಲ ಹೋಗಿ ಬಂತು. ಎರಡನೇ ಸಲ ಕೌಂಟರಿನ ಕಂಪ್ಯೂಟರುಗಳು ಎದ್ದವು, ಅವಕ್ಕೆಲ್ಲ ಮಾಹಿತಿ ಕೊಡುವ ಸರ್ವರ್ ಏಳಲಿಲ್ಲ. ಓಪಿಡಿ ಚೀಟಿ ನಿಂತಿತು. ಲ್ಯಾಬಿನಲ್ಲಿ ಟ್ಯೂಬಿಗೆ ಅಂಟಿಸುವ ಬಾರ್‌ಕೋಡ್ ಬರಲಿಲ್ಲ, ಅದಿಲ್ಲದೆ ರಕ್ತ ತೆಗೆಯುವ ಹಾಗಿಲ್ಲ ಅಂದರು. ಇಡೀ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳಲು ಇರುವುದು ಒಬ್ಬನೇ ಹುಡುಗ. ಜ್ವರ ಅಂತ ರಜೆ ಹಾಕಿದ್ದ. ಫೋನ್ ಮಾಡಿ ಕರೆಸಿದರು. ಹನ್ನೊಂದು ಗಂಟೆಗೆ ರೇನ್‌ಕೋಟಿನಿಂದ ನೀರು ಸುರಿಸುತ್ತಾ ಬಂದ. ಸಾಲಿನಲ್ಲಿದ್ದವರೆಲ್ಲ ಅವನ ಮೇಲೇ ರೇಗಿದರು. ಅವನು ಒಂದು ಮಾತೂ ಆಡದೆ ಒಳಗೆ ಹೋದ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಸರಿಯಾಯಿತು.

ಇಪ್ಪತ್ತು ನಿಮಿಷದ ಕೆಲಸ! ಅದು ಗೊತ್ತಿರುವ ಇನ್ನೊಬ್ಬರು ಆ ಕಟ್ಟಡದಲ್ಲಿ ಇರಲಿಲ್ಲ. ಮೊದಲು ಯುಪಿಎಸ್, ಆಮೇಲೆ ನೆಟ್‌ವರ್ಕ್ ಸ್ವಿಚ್, ಆಮೇಲೆ ಸರ್ವರ್, ಡೇಟಾಬೇಸ್ ಅಂತ ಒಂದಾದ ಮೇಲೊಂದು ಆನ್ ಮಾಡಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರೆ ಒಬ್ಬರಲ್ಲ ಒಬ್ಬರು ಮಾಡುತ್ತಿದ್ದರು. ಎಪ್ಪತ್ತೆಂಟರ ಮುದುಕಿ ಹಸಿದು ಕೂರಬೇಕಿರಲಿಲ್ಲ.

ಬೆಂಗಳೂರಿನಲ್ಲಿ ಹನ್ನೊಂದು ವರ್ಷ ನಾನು ಮಾಡಿದ್ದು ಇದೇ ಆಸ್ಪತ್ರೆ ಸಾಫ್ಟ್‌ವೇರಿನ ಕೆಲಸ, ನಿಮಗೆಲ್ಲ ಗೊತ್ತು. ಆಸ್ಪತ್ರೆಯ ಕಂಪ್ಯೂಟರ್ ಅಂಗಡಿ ಬಿಲ್ಲಿಂಗ್ ಥರ ಅಲ್ಲ. ಲ್ಯಾಬಿನ ಮೆಷಿನ್ ಕೊಡುವ ರಿಸಲ್ಟ್ ನೇರ ರೋಗಿಯ ಹೆಸರಿಗೆ ಹೋಗಿ ಸೇರುತ್ತದೆ. ಆ ಕೊಂಡಿಯಲ್ಲಿ ಸಣ್ಣ ತಪ್ಪಾದರೂ ಒಬ್ಬರ ರಿಪೋರ್ಟ್ ಇನ್ನೊಬ್ಬರ ಫೈಲಿಗೆ ಹೋಗಬಹುದು. 2021ರ ಸೆಪ್ಟೆಂಬರಿನಲ್ಲಿ, ಆರೋಗ್ಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೇಂದ್ರದ ಯೋಜನೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶಕ್ಕೆಲ್ಲ ಬಂತು. ಒಬ್ಬೊಬ್ಬರ ಆರೋಗ್ಯ ದಾಖಲೆಗೂ ಗುರುತಾಗಿ 14 ಅಂಕಿಯ ಆಭಾ ನಂಬರ್ ಬಂತು. ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ತೆಗೆದುಕೊಳ್ಳುವ ವ್ಯವಸ್ಥೆ ಬಂತು. ಒಳ್ಳೆಯದೇ. ಆದರೆ ಕೆಲಸ ಜಾಸ್ತಿಯಾದ ಹಾಗೆ ನೋಡಿಕೊಳ್ಳುವ ಜನ ಜಾಸ್ತಿಯಾದರಾ? ನಾನು ನೋಡಿದ ಸಣ್ಣ ಆಸ್ಪತ್ರೆಗಳಲ್ಲಿ ಇಲ್ಲ. ಅದೇ ಒಬ್ಬ ಹುಡುಗ, ಅದೂ ಏಜೆನ್ಸಿ ಮೂಲಕ, ವರ್ಷ ವರ್ಷದ ಕಾಂಟ್ರಾಕ್ಟ್.

ದೆಹಲಿಯ ಏಮ್ಸ್ ನೆನಪಿದೆಯಾ? 2022ರ ನವೆಂಬರ್ 23ಕ್ಕೆ ಅಲ್ಲಿನ ಸರ್ವರ್ ಮೇಲೆ ಸೈಬರ್ ದಾಳಿಯಾಗಿ ದಿನಗಟ್ಟಲೆ ಕೈಯಲ್ಲೇ ಬರೆದು ಆಸ್ಪತ್ರೆ ನಡೆಸಿದರು. ಇಂಥದ್ದು ಗೊತ್ತಾದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ ನಿಯಮವೂ ಇದೆ. ಇರುವ ಒಬ್ಬನೂ ಜ್ವರ ಬಂದು ಮಲಗಿದ್ದರೆ ಯಾರು ತಿಳಿಸುವುದು?

ಹೇಳಿದರೆ ಬರುವ ಉತ್ತರ ಒಂದೇ. ‘ಕೊಡಗಿಗೆ ಯಾರು ಬರುತ್ತಾರೆ? ಬೆಂಗಳೂರಿನ ಸಂಬಳ ಕೊಡಲು ಆಗುತ್ತದಾ?’ ಸಂಬಳದ ಮಾತು ಒಪ್ಪುತ್ತೇನೆ, ಅಷ್ಟು ಕೊಡಲು ಆಗುವುದಿಲ್ಲ. ಆದರೆ ಕುಶಾಲನಗರ, ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ. ಅಪ್ಪ ಅಮ್ಮ, ತೋಟ ನೋಡಿಕೊಂಡು ಇಲ್ಲೇ ಇರಬೇಕು ಅನ್ನುವ ಮಕ್ಕಳು ಎಷ್ಟೋ ಇದ್ದಾರೆ. ಅವರು ಕೇಳುವುದು ಕೈಗೊಂದು ನೇಮಕದ ಆರ್ಡರ್, ವಾರಕ್ಕೊಂದು ನಿಜವಾದ ರಜೆ, ರಾತ್ರಿ ಕರೆದರೆ ಅದಕ್ಕೆ ದುಡ್ಡು. ಇನ್ನು ಬೆಂಗಳೂರಿನಿಂದಲೇ ರಿಮೋಟ್‌ನಲ್ಲಿ ನೋಡಿಕೊಳ್ಳಬಹುದು ಅನ್ನುವವರು ಒಂದು ಮಳೆಗಾಲ ಇಲ್ಲಿ ಕಳೆಯಲಿ. ಮರ ಬಿದ್ದು ಕೇಬಲ್ ತುಂಡಾದ ದಿನ ರಿಮೋಟ್ ಎಲ್ಲಿಂದ ಬರುತ್ತದೆ?

ಮತ್ತೆ, ಎಲ್ಲರನ್ನೂ ಹೊರಗಿನಿಂದಲೇ ತರಬೇಕು ಅಂತ ಯಾಕೆ? ಒಳಗೇ ಜನ ಇದ್ದಾರೆ. ವಾರ್ಡಿನ ಸಿಸ್ಟರ್ ಒಬ್ಬರು, ಲ್ಯಾಬ್ ಟೆಕ್ನಿಷಿಯನ್ ಒಬ್ಬರು, ರೆಕಾರ್ಡ್ ರೂಮಿನವರು ಒಬ್ಬರು. ಕಂಪ್ಯೂಟರ್ ಓದಿದವನಿಗೆ ವಾರ್ಡ್ ಅರ್ಥವಾಗಲು ತಿಂಗಳುಗಟ್ಟಲೆ ಬೇಕು. ವಾರ್ಡ್ ಗೊತ್ತಿರುವ ಸಿಸ್ಟರ್‌ಗೆ ಸಿಸ್ಟಮ್ ಕಲಿಸಲು ಕೆಲವು ವಾರ ಸಾಕು. ನಮ್ಮ ಕೆಲಸದಲ್ಲಿ ಅವರನ್ನು ಸೂಪರ್ ಯೂಸರ್ ಅನ್ನುತ್ತಿದ್ದೆವು. ನಾನು ಹೋದ ಕಡೆಯೆಲ್ಲ, ಹೊಸ ಸಾಫ್ಟ್‌ವೇರ್ ಉಳಿಸಿಕೊಂಡದ್ದು ಇವರೇ. ಆದರೆ ಡ್ಯೂಟಿ ಮುಗಿಸಿ ಇದನ್ನೂ ಮಾಡಿ ಅನ್ನಬಾರದು. ಆ ಹೊತ್ತಿಗೆ ಡ್ಯೂಟಿ ಕಡಿಮೆ ಮಾಡಬೇಕು, ಭತ್ಯೆ ಕೊಡಬೇಕು.

ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ನಾನೇ ಹಾಗೆ ಮಾಡಿದ್ದೇನೆ. ನೈಟ್ ಡ್ಯೂಟಿ ಮುಗಿಸಿ ಬಂದ ಸಿಸ್ಟರ್‌ಗಳನ್ನು ಕೂರಿಸಿ ಮೂರು ದಿನ ಟ್ರೈನಿಂಗ್ ಕೊಟ್ಟು, ಹಾಜರಿ ಹಾಳೆಗೆ ಸಹಿ ಹಾಕಿಸಿಕೊಂಡು ಬಸ್ ಹತ್ತಿದ್ದೇನೆ. ಒಬ್ಬಾಕೆ ಕೂತಲ್ಲೇ ನಿದ್ದೆ ಹೋಗಿದ್ದಳು. ನನಗೆ ಅವಳ ಮೇಲೆ ಕೋಪ ಬಂದಿತ್ತು. ಇವತ್ತು ಆ ಹುಡುಗನ ಮುಖ ನೋಡಿದಾಗ ಅವಳೇ ನೆನಪಾದಳು.

ಅವನು ಹೊರಗೆ ಬಂದಾಗ ಅತ್ತೆ ಕೈ ಹಿಡಿದು ‘ಮಗಾ, ನೀನು ಏನಾದರೂ ತಿಂದ್ಯಾ?’ ಅಂದರು. ತಲೆ ಅಲ್ಲಾಡಿಸಿದ, ಅಷ್ಟೇ.

ರಿಪೋರ್ಟ್ ನಾಳೆ ಕೊಡುತ್ತಾರಂತೆ. ತರಲು ಹೋದಾಗ ಆಡಳಿತದವರನ್ನು ಕಂಡು ಇದನ್ನೆಲ್ಲ ಎದುರಿಗೇ ಹೇಳುತ್ತೇನೆ. ಸಿಸ್ಟರ್‌ಗಳಿಗೆ ಡ್ಯೂಟಿಯ ಹೊತ್ತಿನಲ್ಲೇ ಬಿಡುವು ಕೊಟ್ಟರೆ ತಿಂಗಳಿಗೆ ಎರಡು ಶನಿವಾರ ನಾನೇ ಬಂದು ಕಲಿಸುತ್ತೇನೆ. ಜೊತೆಗೆ ಬರುವವರು ಹತ್ತು ಗಂಟೆಗೆ ಗೇಟಿನ ಹತ್ತಿರ ಇರಿ.